ಭೂತಗನ್ನಡಿಯವರ ಬಾಳೆಹಣ್ಣು

ಬಟ್ಟೆ ಗಿರಣಿಯಲ್ಲಿ ಅವರಿಗೆ ಇಟ್ಟ ಹೆಸರು ಭೂತಗನ್ನಡಿ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಎದುರಿಗೆ ಎಲ್ಲರೂ ‘ಸಾರ್’ ಅನ್ನುವವರೇ. ಆದರೆ ಬೆನ್ನ ಹಿಂದೆ ಏನು ನಡೆಯುತ್ತದೆ ಎಂಬುದನ್ನು ಪತ್ತೆ ಹಚ್ಚುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲವಾದ್ದರಿಂದ, ಹೆಸರಿಟ್ಟ ವಾರದಲ್ಲೇ ಅದು ಅವರ ಕಿವಿಗೆ ಬಿದ್ದಿತ್ತು. ಬೇಸರವೇನೂ ಆಗಲಿಲ್ಲ. ಒಳಗೊಳಗೇ ಖುಷಿಯಾಯಿತು ಅಂತಲೇ ಹೇಳಬೇಕು. ಭೂತಗನ್ನಡಿ ಇದ್ದದ್ದನ್ನು ದೊಡ್ಡದು ಮಾಡಿ ತೋರಿಸಬಹುದು, ಇಲ್ಲದ್ದನ್ನು ತೋರಿಸುವುದಿಲ್ಲವಲ್ಲ ಎಂದು ಹೆಂಡತಿಗೆ ವಿವರಿಸಿದ್ದರು.

ಅವರ ಕೆಲಸ ಬಣ್ಣ ನೋಡುವುದು. ಇದೂ ಒಂದು ಕೆಲಸವೇ ಎಂದು ಮೂಗು ಮುರಿದವರು ಅವರ ಮಾವನ ಮನೆಯಲ್ಲೇ ಇದ್ದರು. ಮೂರನೇ ಮಹಡಿಯಲ್ಲಿ ಉತ್ತರಕ್ಕೆ ಕಿಟಕಿಯಿದ್ದ ಒಂದು ಸಣ್ಣ ಕೋಣೆ, ಉದ್ದನೆಯ ಮೇಜು, ಒಂದು ಎತ್ತರದ ಸ್ಟೂಲು. ಕೆಳಗೆ ತೊಟ್ಟಿಯಲ್ಲಿ ಬಣ್ಣ ಹಾಕಿ ಒಣಗಿಸಿದ ಬಟ್ಟೆಯ ಪ್ರತಿ ಥಾನೂ ಅಲ್ಲಿಗೆ ಹತ್ತಿ ಬರಬೇಕು. ಅವರು ಒಂದು ಮೊಳ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದೇ ಮಾತು ಹೇಳುತ್ತಿದ್ದರು. ಬಣ್ಣ ಸರಿಯಿದ್ದರೆ ‘ಕೂತಿದೆ.’ ಇಲ್ಲದಿದ್ದರೆ ‘ಕೂತಿಲ್ಲ.’ ಅದನ್ನೇ ಚೀಟಿಯ ಮೇಲೆ ಬರೆದು ಸಹಿ ಮಾಡಿದರೆ ಥಾನು ಲಾರಿಗೆ ಹೋಗುತ್ತಿತ್ತು, ಇಲ್ಲವೇ ಮರಳಿ ತೊಟ್ಟಿಗೆ. ಮೂವತ್ತೊಂದು ವರ್ಷದಲ್ಲಿ ಮೂರನೆಯ ಮಾತು ಅವರ ಬಾಯಿಂದ ಬಂದಿರಲಿಲ್ಲ. ಗಿರಾಕಿಗಳು ಕೊಟ್ಟ ಮಾದರಿ ತುಂಡುಗಳು ಮೇಜಿನ ಖಾನೆಯಲ್ಲೇ ಇದ್ದವು. ಅವನ್ನು ತೆಗೆದು ಪಕ್ಕದಲ್ಲಿಟ್ಟು ನೋಡುವುದು ಅವರಿಗೆ ಅವಮಾನ. ‘ಪಕ್ಕದಲ್ಲಿಟ್ಟು ನೋಡೋಕೆ ನಾನೇ ಯಾಕೆ ಬೇಕು? ಒಂದ್ಸಲ ನೋಡಿದ ಬಣ್ಣ ಇಲ್ಲಿರುತ್ತೆ’ ಎಂದು ಹಣೆಗೆ ಬೆರಳು ತಾಗಿಸಿ ತೋರಿಸುತ್ತಿದ್ದರು.

ಈ ಒಂದು ಮಾತು ಅವರ ಜೊತೆ ಮನೆಗೂ ಬಂದುಬಿಟ್ಟಿತ್ತು. ಚಹಾ ಕೂತಿಲ್ಲ, ಪರದೆ ಕೂತಿಲ್ಲ, ಪಕ್ಕದ ಮನೆಯವರ ನಗು ಕೂತಿಲ್ಲ. ಮಗಳನ್ನು ನೋಡಲು ಬಂದ ಹುಡುಗ ಎದ್ದು ಹೋದ ಮೇಲೂ ಹೀಗೇ ಹೇಳಿದ್ದರು. ಮಗಳು ಅವನನ್ನೇ ಮದುವೆಯಾಗಿ, ಚೆನ್ನಾಗಿಯೇ ಸಂಸಾರ ಮಾಡಿಕೊಂಡು, ಒಂದು ಹೆಣ್ಣು ಮಗುವನ್ನೂ ಹೆತ್ತು, ಆ ಮಗುವಿಗೆ ಆರು ವರ್ಷ ತುಂಬಿತ್ತು. ಅಳಿಯನ ಚೀಟಿ ಮಾತ್ರ ಇನ್ನೂ ಬದಲಾಗಿರಲಿಲ್ಲ.

ಏಳು ವರ್ಷದ ಹಿಂದೆ ಗಿರಣಿಯವರು ಬಣ್ಣ ಅಳೆಯುವ ಯಂತ್ರವೊಂದನ್ನು ತರಿಸಿದ್ದರು. ಯಂತ್ರ ಒಂದು ಹೇಳಿತು, ಇವರು ಇನ್ನೊಂದು ಹೇಳಿದರು, ವ್ಯವಸ್ಥಾಪಕರಿಗೆ ಪೀಕಲಾಟಕ್ಕಿಟ್ಟುಕೊಂಡಿತು. ಆಗ ಭೂತಗನ್ನಡಿಯವರು ಎಲ್ಲರ ಮುಂದೆ ಯಂತ್ರದ ಮುಚ್ಚಳ ತೆಗೆದು, ಒಳಗಿದ್ದ ಪುಟ್ಟ ಗಾಜಿನ ಮೇಲೆ ಬೆರಳೆಳೆದು, ಬೆರಳಿಗೆ ಅಂಟಿದ ಧೂಳನ್ನು ತೋರಿಸಿದರು. ‘ತನ್ನ ಕಣ್ಣು ಮಂಜಾಗಿದೆ ಅಂತ ತನಗೇ ಗೊತ್ತಾಗಲ್ಲ ಇದಕ್ಕೆ. ಇದನ್ನ ನಂಬ್ತೀರಾ?’ ಅಂದಿನಿಂದ ಯಂತ್ರಕ್ಕೆ ಹಳೆ ಚಾದರ ಹೊದಿಸಿ ಮೂಲೆಗೆ ತಳ್ಳಿದ್ದರು. ಅದರ ಮೇಲೆ ಎಲ್ಲರೂ ಊಟದ ಡಬ್ಬಿ ಇಡುತ್ತಿದ್ದರು.

ಇಂಥವರಿಗೆ ಕಳೆದ ಒಂದು ವರ್ಷದಿಂದ ಲೋಕವೆಲ್ಲ ಸೇರಿಕೊಂಡು ಮೋಸ ಮಾಡಲು ಶುರುಮಾಡಿತ್ತು.

ಮೊದಲು ಬಿಳಿ ಅಂಗಿಗಳು ಹಳದಿಗೆ ತಿರುಗಿದವು. ಹೆಂಡತಿಯ ಮೇಲೆ ಹರಿಹಾಯ್ದರು. ಆಕೆ ಸೋಪಿನ ಪುಡಿ ಬದಲಿಸಿದಳು, ಮತ್ತೊಮ್ಮೆ ಬದಲಿಸಿದಳು. ಅಂಗಡಿಯವನು ಒಳ್ಳೆಯ ಡಬ್ಬದಲ್ಲಿ ಕೆಟ್ಟ ಪುಡಿ ತುಂಬಿ ಮಾರುತ್ತಿದ್ದಾನೆ ಎಂದು ಇವರು ತೀರ್ಪು ಕೊಟ್ಟರು. ಆಮೇಲೆ ಗೋಡೆ. ಬಿಳಿ ಬಳಿ ಎಂದರೆ ಪೇಂಟರು ಕೆನೆಬಣ್ಣ ಬಳಿದಿದ್ದ. ಕರೆದು ಕೇಳಿದರೆ ಖಾಲಿ ಡಬ್ಬ ತಂದು ಮುಂದಿಟ್ಟು, ‘ಬಿಳಿ ಅಂತಾನೇ ಬರೆದಿದೆ ನೋಡಿ ಸಾರ್’ ಎಂದ. ‘ಡಬ್ಬದ ಮೇಲೆ ಏನು ಬೇಕಾದ್ರೂ ಬರೀಬಹುದಪ್ಪ’ ಎಂದು ಇವರು ಅವನನ್ನು ಕಳಿಸಿದರು. ಬಲ್ಬುಗಳ ಮೇಲೆ ಅನುಮಾನ ಬಂದು ಮನೆಯ ಬಲ್ಬನ್ನೆಲ್ಲ ಬದಲಾಯಿಸಿದರು. ಒಂದು ದಿನ ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ಕಡುನೀಲಿ ಕಾಲುಚೀಲ ಹಾಕಿಕೊಂಡು ಗಿರಣಿಗೆ ಹೋಗಿ, ಗುಮಾಸ್ತ ಕಿಸಕ್ಕನೆ ನಕ್ಕಾಗ, ಹೆಂಡತಿ ಬೇಕೆಂದೇ ಜೋಡಿ ತಪ್ಪಿಸಿ ಮಡಚಿಟ್ಟಿದ್ದಾಳೆ ಎಂದುಕೊಂಡರು. ಅವರು ಅನುಮಾನಿಸದೆ ಬಿಟ್ಟದ್ದು ಒಂದೇ ಒಂದನ್ನು. ಅದರ ಮಾತು ಆಮೇಲೆ ಬರುತ್ತದೆ.

ಗಿರಣಿಯಲ್ಲಿ ಮೋಸದ ಬೇರು ತೊಟ್ಟಿ ಮೇಸ್ತ್ರಿಯ ಹತ್ತಿರ ಇದೆ ಎಂದು ಅವರಿಗೆ ಖಾತ್ರಿಯಾದದ್ದು ಒಂದು ತಿಂಗಳ ಹಿಂದೆ.

ತೊಟ್ಟಿ ಮೇಸ್ತ್ರಿ ಎಂದರೆ ಬಣ್ಣದ ತೊಟ್ಟಿಗಳನ್ನೆಲ್ಲ ನೋಡಿಕೊಳ್ಳುವವನು. ಇಪ್ಪತ್ತರ ವಯಸ್ಸಿಗೆ ಬಂದವನಿಗೆ ಈಗ ಮೂವತ್ತೊಂಬತ್ತು. ಮೊಣಕೈವರೆಗೆ ಬಣ್ಣ ಹತ್ತಿ, ತೊಳೆದರೂ ಹೋಗದೆ, ಯಾವಾಗಲೂ ಗ್ಲೌಸು ಹಾಕಿಕೊಂಡವನಂತೆ ಕಾಣುತ್ತಿದ್ದ. ಒದ್ದೆ ಬಟ್ಟೆಯ ಒಂದು ಮೂಲೆ ಹಿಂಡಿ ಅದು ಒಣಗಿದಾಗ ಯಾವ ಬಣ್ಣಕ್ಕೆ ನಿಲ್ಲುತ್ತದೆ ಎಂದು ಹೇಳುವ ವಿದ್ಯೆಯನ್ನು ಅವನಿಗೆ ಕಲಿಸಿದವರು ಭೂತಗನ್ನಡಿಯವರೇ. ಮಧ್ಯಾಹ್ನ ಇಬ್ಬರೂ ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಕೂತು ಒಬ್ಬರ ಡಬ್ಬಿಯಲ್ಲಿ ಒಬ್ಬರು ಕೈ ಹಾಕಿ ಉಣ್ಣುತ್ತಿದ್ದರು. ಭೂತಗನ್ನಡಿಯವರು ಕಣ್ಣುಮುಚ್ಚಿ ನಂಬುತ್ತಿದ್ದ ಮನುಷ್ಯ ಗಿರಣಿಯಲ್ಲಿ ಅವನೊಬ್ಬನೇ.

ಆಸ್ಪತ್ರೆಯೊಂದರ ಹಾಸಿಗೆ ಬಟ್ಟೆಯ ಕೆಲಸ ಬಂದಿತ್ತು. ಬಣ್ಣ ಹಾಲುಬಿಳಿ. ಮೊದಲ ಥಾನು ಬಂದಾಗ ಇವರು, ‘ಕೂತಿಲ್ಲ, ಹಳದಿ ಹೊಡೀತಿದೆ’ ಎಂದರು. ಮೇಸ್ತ್ರಿ ತೊಟ್ಟಿ ತೊಳೆದು ಎರಡನೆಯದನ್ನು ಕಳಿಸಿದ. ಕೂತಿಲ್ಲ. ಮೂರನೆಯದನ್ನು ತಾನೇ ಹೊತ್ತುಕೊಂಡು ಮೇಲೆ ಬಂದ. ಕೂತಿಲ್ಲ.

‘ಬೇಜಾರು ಮಾಡ್ಕೋಬೇಡಿ ಸಾರ್’ ಎಂದು ಮೇಸ್ತ್ರಿ ಕೈ ಕೈ ಹೊಸೆದ. ‘ಒಂದ್ಸಲ ಮಾದರಿ ತುಂಡು ಪಕ್ಕದಲ್ಲಿಟ್ಟು ನೋಡಿ.’

ಇವರಿಗೆ ಪಿತ್ತ ನೆತ್ತಿಗೇರಿತು. ಆದರೂ ಖಾನೆ ಎಳೆದು ತುಂಡು ತೆಗೆದರು. ಪಕ್ಕದಲ್ಲಿಟ್ಟರು. ಎರಡೂ ಒಂದೇ ಆಗಿದ್ದವು, ಎರಡೂ ಹಳದಿ. ಮಾದರಿಯೇ ಹಳದಿ! ಅಂದರೆ ಯಾರೋ ಖಾನೆ ತೆಗೆದು ಮಾದರಿಯನ್ನೇ ಬದಲಿಸಿದ್ದಾರೆ. ಯಾರಿರಬಹುದು? ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಮಾದರಿ ತೆಗೆಯಿರಿ ಎನ್ನದವನು ಇವತ್ತು ಯಾಕೆ ಅಂದ? ಭೂತಗನ್ನಡಿಯವರಿಗೆ ಎಲ್ಲವೂ ಅಂಗೈ ಗೆರೆಯಷ್ಟು ನಿಚ್ಚಳವಾಯಿತು. ಬಟ್ಟೆ ಬಿಳುಪು ಮಾಡುವ ಪುಡಿಯನ್ನು ಹೊರಗೆ ಸಾಗಿಸುತ್ತಿದ್ದಾನೆ, ಅರ್ಧ ಪುಡಿಯಲ್ಲೇ ಕೆಲಸ ಮುಗಿಸುತ್ತಿದ್ದಾನೆ, ಅದನ್ನು ಮುಚ್ಚಲು ಮಾದರಿಗೆ ಕೈ ಹಾಕಿದ್ದಾನೆ. ಹೀಗೆಂದು ಅರ್ಧ ಪುಟ ಬರೆದು, ಸಹಿ ಮಾಡಿ, ವ್ಯವಸ್ಥಾಪಕರ ಮೇಜಿನ ಮೇಲಿಟ್ಟರು.

ವ್ಯವಸ್ಥಾಪಕರು ಅದನ್ನು ಎರಡು ಸಲ ಓದಿದರು. ‘ನಿಮ್ಮ ಮಾತಿಗೆ ಇಲ್ಲಿ ಎದುರು ಮಾತಿಲ್ಲ. ಆದ್ರೆ ಹತ್ತೊಂಬತ್ತು ವರ್ಷದ ಮನುಷ್ಯ... ಒಂದು ವಿಚಾರಣೆ ಅಂತ ಮಾಡಲೇಬೇಕು. ಮುಂದಿನ ತಿಂಗಳ ಮೊದಲ ಸೋಮವಾರ ಹತ್ತು ಗಂಟೆಗೆ ಇಟ್ಕೊಳ್ಳೋಣ.’

ವಿಚಾರಣೆಯಲ್ಲಿ ಇವರು ‘ಹೌದು’ ಎಂದರೆ ಮೇಸ್ತ್ರಿಯ ಕೆಲಸ ಹೋಗುತ್ತಿತ್ತು. ಗಿರಣಿ ಕೊಟ್ಟ ಎರಡು ಕೋಣೆಯ ಮನೆಯೂ ಹೋಗುತ್ತಿತ್ತು. ಕಳ್ಳ ಎಂಬ ಹೆಸರು ಹೊತ್ತವನನ್ನು ಬೇರೆ ಯಾವ ಗಿರಣಿಯೂ ಬಾಗಿಲೊಳಗೆ ಬಿಡುವುದಿಲ್ಲ. ಇದೆಲ್ಲ ಇವರಿಗೂ ಗೊತ್ತಿತ್ತು, ಮೇಸ್ತ್ರಿಗೂ ಗೊತ್ತಿತ್ತು. ಅಂದಿನಿಂದ ಮೇಸ್ತ್ರಿ ತೊಟ್ಟಿಯ ಪಕ್ಕದಲ್ಲೇ ಗೋಡೆಗೆ ಮುಖ ಮಾಡಿ ಉಣ್ಣತೊಡಗಿದ. ಮೆಟ್ಟಿಲ ಮೇಲೆ ಎದುರಾದರೆ ಗೋಡೆಗೆ ಒತ್ತಿ ನಿಂತು ಇವರಿಗೆ ದಾರಿ ಬಿಡುತ್ತಿದ್ದ. ಇವರಿಗೆ ಆ ಹೊತ್ತಿನಲ್ಲಿ ಎದೆಯೊಳಗೆ ಏನೋ ಚುಚ್ಚಿದಂತಾಗುತ್ತಿತ್ತು. ತಪ್ಪು ಮಾಡಿದವನು ಹಾಗೇ ದಾರಿ ಬಿಡುವುದು ಎಂದು ತಮಗೆ ತಾವೇ ಹೇಳಿಕೊಂಡು ಇಳಿದು ಹೋಗುತ್ತಿದ್ದರು.

ವಿಚಾರಣೆಯ ಹಿಂದಿನ ದಿನ ಭಾನುವಾರ. ಭಾನುವಾರ ಮನೆಯಲ್ಲಿ ಹಣ್ಣಿನ ಪ್ಯಾನ್‌ಕೇಕಿನ ದಿನ.

ಇದು ಐದಾರು ವಾರದಿಂದ ಹತ್ತಿದ ಹುಚ್ಚು. ಮಗಳು ನರ್ಸು, ಭಾನುವಾರ ಅವಳಿಗೆ ಬೆಳಗಿನ ಪಾಳಿ, ಅಳಿಯನಿಗೆ ಬಸ್ಸಿನ ಕೆಲಸ. ಹಾಗಾಗಿ ಮೊಮ್ಮಗಳು ಪುಟ್ಟಿಯನ್ನು ಏಳು ಗಂಟೆಗೇ ಇಲ್ಲಿ ಬಿಟ್ಟು ಹೋಗುತ್ತಿದ್ದರು. ಪುಟ್ಟಿ ಹಣ್ಣು ತಿನ್ನದ ಹುಡುಗಿ. ಹಣ್ಣು ಕಂಡರೆ ಬಾಯಿಗೆ ಬೀಗ. ಅವಳ ಅಜ್ಜಿ ಎಲ್ಲಿಂದಲೋ ಕಲಿತು ಬಂದು, ಮೈದಾ, ಹಾಲು, ಸಕ್ಕರೆ, ಚಿಟಿಕೆ ಬೇಕಿಂಗ್ ಪೌಡರು ಕಲಸಿ, ಹಿಟ್ಟನ್ನು ಐದು ಬಟ್ಟಲಿಗೆ ಪಾಲು ಮಾಡಿ ಒಂದೊಂದಕ್ಕೆ ಒಂದೊಂದು ಬಣ್ಣ ಕೊಡುತ್ತಿದ್ದಳು. ಬೀಟ್‌ರೂಟಿನ ರಸದಿಂದ ಕೆಂಪು, ಪಾಲಕ್ ಸೊಪ್ಪಿನಿಂದ ಹಸಿರು, ಕ್ಯಾರೆಟ್ಟಿನಿಂದ ಕಿತ್ತಳೆ, ಕಪ್ಪು ದ್ರಾಕ್ಷಿಯ ಸಿಪ್ಪೆ ಕುದಿಸಿದ ನೀರಿನಿಂದ ನೇರಳೆ, ಅರಿಶಿನದಿಂದ ಹಳದಿ. ಅದನ್ನು ಚೂಪು ಮೂತಿಯ ಸಾಸ್ ಬಾಟಲಿಗಳಿಗೆ ತುಂಬಿ, ತವಾದ ಮೇಲೆ ಚಿತ್ರ ಬರೆದಂತೆ ಹಣ್ಣು ಬಿಡಿಸುವುದು. ಸ್ಟ್ರಾಬೆರಿ, ಕಿತ್ತಳೆ, ದ್ರಾಕ್ಷಿ ಗೊಂಚಲು, ಬಾಳೆಹಣ್ಣು. ಇದರ ಗುಟ್ಟೇನೆಂದರೆ, ಮೊದಲು ಎರೆದದ್ದೇ ಕೊನೆಗೆ ಮೇಲೆ ಕಾಣುವುದು. ತವಾಕ್ಕೆ ತಾಗಿದ ಮುಖ ಮಗುಚಿ ಹಾಕಿದ ಮೇಲೆ ಎದುರಾಗುತ್ತದೆ. ಹಾಗಾಗಿ ಸ್ಟ್ರಾಬೆರಿಯ ಬೀಜ ಮೊದಲು, ಮೈ ಆಮೇಲೆ.

ಪುಟ್ಟಿ ತವಾದ ಹಣ್ಣುಗಳನ್ನೆಲ್ಲ ತಿಂದು ತಟ್ಟೆ ನೆಕ್ಕುತ್ತಿದ್ದಳು. ಭೂತಗನ್ನಡಿಯವರು ಮಾತ್ರ ವಾರ ವಾರವೂ ಮುಖ ಗಂಟು ಹಾಕಿಕೊಂಡು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು.

‘ಈ ದ್ರಾಕ್ಷಿ ಕಂದು ಆಗಿದೆ. ಸೀದುಹೋಗಿದೆ.’

‘ಸೀದಿಲ್ಲ ರೀ, ನೇರಳೆ ಬಣ್ಣ ಅದು.’

‘ನನಗೆ ಬಣ್ಣ ಹೇಳಿಕೊಡ್ತೀಯಾ? ಇದಕ್ಕೆ ಏನೋ ಬೆರೆಸಿದ್ದೀಯ. ಅಂಗಡಿ ಬಣ್ಣ ತಂದು ಹಾಕ್ತಿದ್ದೀಯ, ನನ್ನ ಮುಂದೆ ಸಿಪ್ಪೆ ಕುದಿಸೋ ನಾಟಕ.’

ಆಕೆ ಅವರ ಮುಖವನ್ನೇ ಒಂದು ಗಳಿಗೆ ನೋಡಿ ಒಲೆಯ ಕಡೆ ತಿರುಗುತ್ತಿದ್ದಳು. ಆ ನೋಟದ ಮೇಲೂ ಇವರಿಗೆ ಅನುಮಾನ ಬಂದಿತ್ತು.

ಈ ಭಾನುವಾರ ಅವರು ಎದ್ದಾಗಿನಿಂದ ಚಡಪಡಿಸುತ್ತಿದ್ದರು. ನಾಳೆಯ ಮಾತು ತಲೆಯಲ್ಲಿ ಗಿರಗಿಟ್ಲೆಯಂತೆ ತಿರುಗುತ್ತಿತ್ತು. ಕೈಗೊಂದು ಕೆಲಸ ಬೇಕಿತ್ತು. ಅಡುಗೆಮನೆಗೆ ಬಂದು ಅಂಗಿ ತೋಳು ಮಡಚಿ, ‘ಇವತ್ತು ನಾನೇ ಮಾಡ್ತೀನಿ. ಏನೇನು ಬೆರೆಸ್ತೀರೋ ನೋಡೇಬಿಡೋಣ’ ಎಂದರು.

ಪುಟ್ಟಿ ಚಪ್ಪಾಳೆ ತಟ್ಟಿದಳು. ಅಜ್ಜಿ ಹಿಟ್ಟು ಕಲಸಿಟ್ಟು, ಆರನೆಯ ಬಟ್ಟಲಿಗೂ ಸ್ವಲ್ಪ ಹಿಟ್ಟು ಸುರಿದು, ‘ಇದು ನನಗೆ, ಇದಕ್ಕೆ ಬಣ್ಣ ಬೇಡ. ಬಣ್ಣ ತಿಂದು ತಿಂದು ಸಾಕಾಗಿದೆ’ ಎಂದು ಪಕ್ಕಕ್ಕಿಟ್ಟು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಳು.

ಇನ್ನು ಇವರ ದರ್ಬಾರು. ಒಪ್ಪಬೇಕಾದ ಮಾತೆಂದರೆ, ಕೆಲಸವನ್ನು ಅವರು ಕೆಲಸದಂತೆಯೇ ಮಾಡಿದರು. ಬೀಟ್‌ರೂಟಿನ ರಸಕ್ಕೆ ನಾಲ್ಕು ಹನಿ ನಿಂಬೆಹುಳಿ ಹಿಂಡಿದರು. ‘ಹುಳಿ ಬಿದ್ರೆ ಬಣ್ಣ ಹಿಡ್ಕೊಳ್ಳುತ್ತೆ ಪುಟ್ಟಿ, ಇಲ್ಲಾಂದ್ರೆ ಕಾವಿಗೆ ಓಡಿಹೋಗುತ್ತೆ. ಬಟ್ಟೆಗೂ ಹೀಗೇನೇ.’ ಉರಿಯನ್ನು ಮಿಣಿಮಿಣಿ ಇಟ್ಟು, ತವಾಕ್ಕೆ ಮುಚ್ಚಳ ಮುಚ್ಚಿ ಹಬೆಯಲ್ಲೇ ಬೇಯಿಸಿದರು. ಉರಿ ಜೋರಾದರೆ ಹಿಟ್ಟು ಕೆಂಪೇರಿ ಬಣ್ಣವನ್ನು ನುಂಗುತ್ತದೆ. ಮೊದಲ ಸ್ಟ್ರಾಬೆರಿಯನ್ನು ಮಗುಚಿದಾಗ ಕೆಂಪು ಮೈಯ ಮೇಲೆ ಹಸಿರು ಚುಕ್ಕೆಯ ಬೀಜಗಳು ಎದ್ದು ಕಂಡವು. ಪುಟ್ಟಿ ಕುಣಿದಾಡಿಬಿಟ್ಟಳು. ಕಿತ್ತಳೆಯ ತೊಳೆಗಳೂ ಒಂದಕ್ಕೊಂದು ಅಂಟದೆ ಬಂದವು. ಭೂತಗನ್ನಡಿಯವರಿಗೆ ಒಂದು ತಿಂಗಳಲ್ಲಿ ಮೊದಲ ಸಲ ಮನಸ್ಸು ಹಗುರವಾಯಿತು.

ಬಾಳೆಹಣ್ಣಿನ ಸರದಿ. ಹೆಂಡತಿ ಅರಿಶಿನ ಜಾಸ್ತಿ ಹಾಕಿ ಕಣ್ಣು ಕುಕ್ಕುವ ಹಾಗೆ ಮಾಡುತ್ತಾಳೆ ಎಂಬುದು ಅವರ ಹಳೆ ದೂರು. ಹಾಗಾಗಿ ಉಗುರಿನ ತುದಿಯಷ್ಟು ಅರಿಶಿನ ಮಾತ್ರ ಹಾಕಿ, ಗರಗರ ತಿರುಗಿಸಿ, ತೆಳು ಹಳದಿ ಬರಿಸಿದರು. ಸೊಪ್ಪಿನ ಹಿಟ್ಟಿನ ಬಟ್ಟಲು ಸರಿಸಲು ಹೋಗಿ ಕಟ್ಟೆಯ ಮೇಲೆ ಬಟ್ಟಲುಗಳೆಲ್ಲ ಅದಲುಬದಲಾದವು. ಕೈಗೆ ಬಂದ ಬಟ್ಟಲನ್ನು ಬಾಟಲಿಗೆ ಬಗ್ಗಿಸಿ, ನಾಜೂಕಾಗಿ ಬಾಗಿದ ಒಂದು ಬಾಳೆಹಣ್ಣು ಎರೆದರು. ಮುಚ್ಚಿದರು. ಮಗುಚಿದರು. ತಟ್ಟೆಗೆ ಹಾಕಿ ಬೆಳಕಿಗೆ ಹಿಡಿದು ಸಮಾಧಾನದಿಂದ ಹೇಳಿದರು, ‘ಕೂತಿದೆ.’

ಪುಟ್ಟಿ ತಟ್ಟೆಯೊಳಗೆ ಇಣುಕಿದಳು. ‘ತಾತ, ಇದೇನು?’

‘ಬಾಳೆಹಣ್ಣು.’

‘ಬಣ್ಣ ಹಾಕೋದೇ ಮರೆತುಬಿಟ್ಟೆಯಾ?’

‘ಹಾಕಿದೀನಲ್ಲೇ. ಹಳದಿ.’

‘ಬೆಳ್ಳಗಿದೆ ತಾತ. ಸೀಮೆಸುಣ್ಣದ ಥರ.’ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ತಾತ ಸೀಮೆಸುಣ್ಣ ಸುಟ್ಟ!’

ಹಿತ್ತಲಿಂದ ಬಂದ ಹೆಂಡತಿ ಬಕೆಟ್ಟನ್ನು ಬಾಗಿಲಲ್ಲೇ ಇಟ್ಟು, ತಟ್ಟೆ ನೋಡಿದಳು, ಬಟ್ಟಲುಗಳನ್ನು ನೋಡಿದಳು. ‘ಇದು ನನ್ನ ಹಿಟ್ಟಲ್ವಾ? ಹಳದಿ ಇಲ್ಲೇ ಇದೆಯಲ್ಲ’ ಎಂದವಳು ಥಟ್ಟನೆ ನಿಲ್ಲಿಸಿ ನಾಲಿಗೆ ಕಚ್ಚಿಕೊಂಡಳು. ಮತ್ತೆ ಅದೇ ನೋಟ. ಅನುಮಾನದ ನೋಟ ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದು ತಮ್ಮ ಕಡೆಗೇ ತಿರುಗಿದ್ದನ್ನು ಈಗ ಮೊದಲ ಸಲ ಗುರುತಿಸಿದರು.

ಮೊದಲಿಗೆ ಅವರಿಗೆ ಹೊಳೆದದ್ದು ಒಂದೇ: ಅಜ್ಜಿ ಮೊಮ್ಮಗಳು ಸೇರಿ ಆಟ ಕಟ್ಟಿದ್ದಾರೆ. ‘ನನ್ನ ಕಣ್ಣಿಗೆ ಮಣ್ಣೆರಚ್ತೀರಾ?’ ಎಂದವರೇ ತಟ್ಟೆ ಹಿಡಿದುಕೊಂಡು ಬೀದಿ ದಾಟಿ ಎದುರುಮನೆಯ ಪೋಸ್ಟ್‌ಮ್ಯಾನಿನ ಬಾಗಿಲು ಬಡಿದರು. ಅವನು ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡೇ ಹೊರಗೆ ಬಂದ.

‘ಇದು ಯಾವ ಬಣ್ಣ?’

‘ಯಾವುದು, ಈ ದೋಣಿನಾ? ಬಿಳಿ.’

‘ಸರಿಯಾಗಿ ನೋಡಿ ಹೇಳಪ್ಪ.’

‘ನನ್ನ ಮುಖದ ನೊರೆಗಿಂತ ಬೆಳ್ಳಗಿದೆ ಸಾರ್. ಯಾಕೆ, ಏನಾಯ್ತು?’

ಇವನನ್ನೂ ಹೆಂಡತಿ ಮೊದಲೇ ಹೇಳಿಕೊಟ್ಟು ಒಪ್ಪಿಸಿದ್ದಾಳೆಯೇ ಎಂಬ ಯೋಚನೆ ಬೀದಿ ದಾಟುವಾಗ ಬಂತು. ಅರ್ಧ ಬೀದಿಯಲ್ಲಿ ನಿಂತುಬಿಟ್ಟರು. ಹೆಂಡತಿ, ಮಗು, ಅಂಗಡಿಯವನು, ಪೇಂಟರು, ಪೋಸ್ಟ್‌ಮ್ಯಾನು, ಮೇಸ್ತ್ರಿ. ಇಷ್ಟು ಜನ ಒಂದು ಕಡೆ ಸೇರಿ ಮಾತಾಡಿಕೊಳ್ಳಲು ಇವರಿಗೆಲ್ಲ ಪುರಸೊತ್ತಾದರೂ ಯಾವಾಗ ಸಿಕ್ಕಿತು? ಸೈಕಲ್ಲಿನವನೊಬ್ಬ ಗಂಟೆ ಹೊಡೆದು ಬೈದುಕೊಂಡು ಸುತ್ತಿ ಹೋದ. ಅವರು ನಿಧಾನವಾಗಿ ಮನೆಯೊಳಗೆ ಬಂದರು.

ಗಿರಣಿಗೆ ಹೊಸಬರನ್ನು ಸೇರಿಸಿಕೊಳ್ಳುವ ಮೊದಲು ಭೂತಗನ್ನಡಿಯವರು ಒಂದು ಪರೀಕ್ಷೆ ಇಡುತ್ತಿದ್ದರು. ಅವರೇ ಕಂಡುಹಿಡಿದ ಪರೀಕ್ಷೆ. ಹತ್ತು ತುಂಡು ಬಟ್ಟೆ, ಐದು ಒಂದು ಬಣ್ಣ, ಐದು ಅದರ ಪಕ್ಕದ ಬಣ್ಣ. ಕಲಸಿ ಇಡುವುದು, ಬೇರೆ ಮಾಡಲು ಹೇಳುವುದು. ಒಂದು ತಪ್ಪಿಗೆ ಮಾಫಿ. ಎರಡು ತಪ್ಪಾದರೆ, ‘ಮನೆಗೆ ಹೋಗಪ್ಪ’ ಎಂದು ಬಾಗಿಲು ತೋರಿಸುವುದು. ಬೇಡಿಕೊಂಡವರಿಗೂ ಅತ್ತವರಿಗೂ ಎಂದೂ ರಿಯಾಯಿತಿ ತೋರಿಸಿದವರಲ್ಲ.

ಅವರು ಅರಿಶಿನದ ಹಿಟ್ಟಿನಲ್ಲಿ ಒಂದು ಪ್ಯಾನ್‌ಕೇಕು ಮಾಡಿದರು. ಹೆಂಡತಿಯ ಹಿಟ್ಟಿನಲ್ಲಿ ಉಳಿದದ್ದರಲ್ಲೂ ಒಂದು. ಔಷಧಿ ಬಾಟಲಿಯ ಮುಚ್ಚಳ ಒತ್ತಿ ಒಂದೊಂದರಿಂದ ಐದೈದು ಬಿಲ್ಲೆ ಕತ್ತರಿಸಿದರು. ಪುಟ್ಟಿಯ ಕೈಗೆ ಕಾಗದ ಪೆನ್ಸಿಲ್ ಕೊಟ್ಟು ಹೇಳಿದರು, ‘ನಾನು ಆ ಕಡೆ ತಿರುಗ್ತೀನಿ. ನೀನು ಹತ್ತನ್ನೂ ಕಲಸಿ ಸಾಲಾಗಿ ಇಡು. ಯಾವುದು ಬಿಳಿ, ಯಾವುದು ಹಳದಿ ಕಾಗದದಲ್ಲಿ ಬರ್ಕೋ. ನನಗೆ ತೋರಿಸಬೇಡ, ಅಜ್ಜಿಗೂ ತೋರಿಸಬೇಡ.’

ಪುಟ್ಟಿ ಈಗಷ್ಟೇ ಅಕ್ಷರ ಕಲಿತವಳು. ತುಟಿ ಕಚ್ಚಿಕೊಂಡು ‘ಬಿ’, ‘ಹ’ ಎಂದು ದಪ್ಪಕ್ಷರದಲ್ಲಿ ಬರೆದಳು. ಇವರು ಕಿಟಕಿಯ ಹತ್ತಿರ, ಒಳ್ಳೆಯ ಬೆಳಕಿನಲ್ಲಿ ಸ್ಟೂಲು ಹಾಕಿಕೊಂಡು ಕೂತು ಒಂದೊಂದನ್ನೇ ಎತ್ತಿದರು. ಹತ್ತೂ ಒಂದೇ ಥರ ಕಂಡವು. ಊಹೆಯ ಮೇಲೆ ಹೇಳುತ್ತಾ ಹೋದರು. ಪುಟ್ಟಿ ಕಾಗದ ನೋಡಿ ನೋಡಿ ಗೀಟು ಎಳೆದಳು.

‘ನಾಲ್ಕು ಸರಿ, ಆರು ತಪ್ಪು.’

‘ಇನ್ನೊಂದ್ಸಲ ಕಲಸು.’

ಎರಡನೆಯ ಸಲ ಐದು ತಪ್ಪು. ದ್ರಾಕ್ಷಿಯ ನೇರಳೆಗೂ ಕೋಕೋ ಬೆರೆಸಿದ ಕಂದಿಗೂ ಪರೀಕ್ಷೆ ಮಾಡಿಸಿಕೊಂಡರು. ಅಲ್ಲೂ ಐದು ತಪ್ಪು. ಪುಟ್ಟಿ ಈಗ ನಗುತ್ತಿರಲಿಲ್ಲ.

‘ತಾತ, ಫೇಲಾದ್ರೆ ಏನ್ ಮಾಡ್ತಾರೆ?’

‘ಮನೆಗೆ ಕಳಿಸ್ತಾರೆ.’

ಅವಳು ಸ್ವಲ್ಪ ಯೋಚಿಸಿ, ‘ನೀನು ಮನೇಲೇ ಇದೀಯಲ್ಲ ತಾತ’ ಎಂದಳು.

ಅವರಿಗೆ ಭಯವಾಗಿತ್ತು. ಲೋಕವನ್ನೆಲ್ಲ ಜಾಲಾಡಿದವರು ತಮ್ಮ ಎರಡು ಕಣ್ಣುಗಳನ್ನು ಮಾತ್ರ ಒಮ್ಮೆಯೂ ಅನುಮಾನಿಸಿರಲಿಲ್ಲ. ಆಸ್ಪತ್ರೆಯ ಮೂರೂ ಥಾನು ಹಾಲುಬಿಳಿಯೇ ಇದ್ದವು. ಮಾದರಿಯನ್ನು ಯಾರೂ ಮುಟ್ಟಿರಲಿಲ್ಲ. ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಿದ್ದ ಮೇಸ್ತ್ರಿಯ ಮುಖ ಕಣ್ಣ ಮುಂದೆ ಬಂದು ನಿಂತಿತು. ನಾಚಿಕೆಯಿಂದ ಕಿವಿ ಬಿಸಿಯಾದವು.

‘ನಿನಗೆ ಗೊತ್ತಿತ್ತಾ?’ ಎಂದು ಹೆಂಡತಿಯನ್ನು ಕೇಳಿದರು.

‘ಗೊತ್ತು ಅಂತಲ್ಲ. ಅನುಮಾನ ಇತ್ತು. ಹೇಳಿದ್ರೆ ನನ್ನ ಮೇಲೇ ತಿರುಗಿಬೀಳ್ತಿದ್ರಿ.’

‘ಬೀಳ್ತಿದ್ದೆ’ ಎಂದು ಒಪ್ಪಿಕೊಂಡರು.

ಸಂಜೆ ಮಗಳು ಬಂದವಳು ಟಾರ್ಚ್ ಹಿಡಿದು ಎರಡೂ ಕಣ್ಣು ನೋಡಿದಳು. ‘ಅಪ್ಪಾ, ಪೊರೆ ಬಂದ ಹಾಗಿದೆ. ಡಾಕ್ಟರಿಗೆ ತೋರಿಸೋಣ. ಆಪರೇಷನ್ ಆದ್ರೆ ಸರಿಹೋಗುತ್ತೆ, ಹೆದರಬೇಡಿ.’ ಹೆಂಡತಿ ಮಾತ್ರ ಬೇರೆಯೇ ದಾರಿ ಹೇಳಿದಳು. ನಾಳೆ ಕಣ್ಣಿನ ವಿಷಯ ಎತ್ತುವುದೇ ಬೇಡ; ಹಳೆ ಮನುಷ್ಯ, ಈ ಸಲ ಕ್ಷಮಿಸಿದ್ದೇನೆ ಎಂದು ದೂರು ವಾಪಸು ತೆಗೆದುಕೊಂಡರೆ ಸಾಕು. ಅವನ ಕೆಲಸವೂ ಉಳಿಯುತ್ತದೆ, ಇವರ ಮರ್ಯಾದೆಯೂ ಉಳಿಯುತ್ತದೆ. ‘ಕಣ್ಣು ಹೋಗಿದೆ ಅಂತ ಗೊತ್ತಾದ್ರೆ ನಿಮ್ಮನ್ನ ಅಲ್ಲಿ ಯಾರು ಇಟ್ಕೋತಾರೆ?’

ಸುಳ್ಳೇನು ಹೇಳಬೇಕು, ಆಸೆ ಅವರಿಗೂ ಆಯಿತು. ಹಾಸಿಗೆಯಲ್ಲಿ ಹೊರಳಾಡುತ್ತಾ ಆ ಮಾತನ್ನು ಎರಡು ಮೂರು ಬಗೆಯಲ್ಲಿ ಹೇಳಿಯೂ ನೋಡಿಕೊಂಡರು. ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೆ ಮಾಡದ ಕಳ್ಳತನಕ್ಕೆ ಕ್ಷಮೆ ಪಡೆದ ಮನುಷ್ಯ ಸಾಯುವವರೆಗೂ ಕಳ್ಳನೇ.

ಸೋಮವಾರ ಒಂಬತ್ತೂವರೆಗೆ ಭೂತಗನ್ನಡಿಯವರು ಮೂರನೇ ಮಹಡಿಗೆ ಹತ್ತದೆ ತೊಟ್ಟಿಗಳ ಕಡೆ ನಡೆದರು. ಅವರು ಅಲ್ಲಿಗೆ ಕಾಲಿಡದೆ ವರ್ಷಗಳೇ ಆಗಿದ್ದವು. ಹಬೆ, ಒದ್ದೆ ನೆಲ, ಬಟ್ಟೆ ಜಾಲಿಸುವ ಸಪ್ಪಳ. ಕೆಲಸದವರು ಒಬ್ಬೊಬ್ಬರಾಗಿ ಕೈ ನಿಲ್ಲಿಸಿ ತಿರುಗಿ ನೋಡಿದರು. ಮೇಸ್ತ್ರಿ ವಿಚಾರಣೆಗೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಂದು ಪೀಪಾಯಿಯ ಮೇಲೆ ಕೂತಿದ್ದ. ಇವರನ್ನು ಕಂಡು ಎದ್ದು ನಿಂತ.

ಇವರು ಮನೆಯಿಂದ ತಂದ ಡಬ್ಬಿಯ ಮುಚ್ಚಳ ತೆಗೆದು, ಒಳಗಿದ್ದ ಭಾನುವಾರದ ಬಾಳೆಹಣ್ಣು ಕಾಣುವಂತೆ ಮುಂದೆ ಹಿಡಿದರು. ‘ಇದು ಯಾವ ಬಣ್ಣ ಮೇಸ್ತ್ರಿ?’

ಮೇಸ್ತ್ರಿ ಡಬ್ಬಿ ನೋಡಿದ, ಅವರನ್ನು ನೋಡಿದ, ಅವರ ಬೆನ್ನ ಹಿಂದೆ ಬೇರೆ ಯಾರಾದರೂ ನಿಂತು ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ಬಾಗಿಲಿನ ಕಡೆ ನೋಡಿದ.

‘ಯಾಕ್ ಕೇಳ್ತಿದೀರಾ?’

‘ಸುಮ್ನೆ ಹೇಳು.’

‘ನಾನು ಒಂದು ಹೇಳೋದು, ಅದನ್ನ ಹತ್ತು ಗಂಟೆಗೆ ಅಲ್ಲಿ ಇನ್ನೊಂದು ಮಾಡೋದು. ಬೇಡ ಸಾರ್. ನೀವೇ ಹೇಳಿ, ಇಲ್ಲಿ ನಿಮ್ಮ ಮಾತೇ ತಾನೇ ಮಾತು?’

ಒದ್ದೆ ಬಟ್ಟೆಯನ್ನು ಹೇಗೆ ನೋಡಬೇಕೆಂದು ಈ ಮನುಷ್ಯನಿಗೆ ಕಲಿಸಿದವರು ಅವರು. ಮನುಷ್ಯರನ್ನು ಹೀಗೆ ನೋಡುವುದನ್ನೂ ಅವರೇ ಕಲಿಸಿದಂತಾಗಿತ್ತು.

‘ನನಗೆ ಹಳದಿ ಕಾಣ್ತಿದೆ’ ಎಂದರು.

ಮೇಸ್ತ್ರಿ ಆ ಬೆಳ್ಳನೆಯ ಬಾಳೆಹಣ್ಣನ್ನು ಬಹಳ ಹೊತ್ತು ನೋಡಿದ. ಆಮೇಲೆ ತಲೆಯೆತ್ತಿ ಅವರ ಕಣ್ಣುಗಳನ್ನು, ಒಂದಾದ ಮೇಲೆ ಒಂದನ್ನು ನೋಡಿದ.

ಹತ್ತು ಗಂಟೆಗೆ ವ್ಯವಸ್ಥಾಪಕರ ಕೋಣೆಯಲ್ಲಿ ಗುಮಾಸ್ತ ದಾಖಲೆ ಬರೆಯಲು ಪೆನ್ನು ತೆರೆದು ಕೂತ. ದೂರಿನ ಬಗ್ಗೆ ಏನು ಹೇಳುತ್ತೀರಿ ಎಂದು ವ್ಯವಸ್ಥಾಪಕರು ಕೇಳಿದರು. ಭೂತಗನ್ನಡಿಯವರು ಎದ್ದು ನಿಂತು, ಮೇಜಿನ ಮೇಲೆ ಡಬ್ಬಿ ಇಟ್ಟು, ಭಾನುವಾರ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಆರು ತಪ್ಪು, ಐದು ತಪ್ಪು, ಮತ್ತೆ ಐದು ತಪ್ಪು. ‘ಯಂತ್ರದ ಮೇಲಿನ ಚಾದರ ತೆಗೆಸಿ. ಗಾಜು ಒರೆಸಿ ಆ ಮೂರು ಥಾನು ಇಟ್ಟು ನೋಡಿ. ಮೇಸ್ತ್ರಿ ಕೈಯಲ್ಲಿ ಕಳ್ಳತನ ಇಲ್ಲ.’

ಗುಮಾಸ್ತ ತಬ್ಬಿಬ್ಬಾಗಿ, ‘ಏನಂತ ಬರ್ಕೊಳ್ಲಿ ಸಾರ್?’ ಎಂದ.

‘ಕೂತಿಲ್ಲ ಅಂತ ಬರಿ. ನನ್ನ ಕಣ್ಣು ಕೂತಿಲ್ಲ.’

ಸಹಿ ಮಾಡಿದರು. ಸಹಿ ಗೆರೆಯಿಂದ ಸ್ವಲ್ಪ ಕೆಳಗೆ ಬಿತ್ತು. ಆಪರೇಷನ್ ಆಗುವವರೆಗೆ ರಜೆ, ಆಮೇಲೆ ಏನೆಂದು ಆಮೇಲೆ ನೋಡೋಣ ಎಂದು ವ್ಯವಸ್ಥಾಪಕರು ಮೆಲ್ಲಗೆ ಹೇಳಿದರು. ಯಂತ್ರ ಮೂರೂ ಥಾನನ್ನು ಸರಿ ಎಂದಿತು.

ಮಧ್ಯಾಹ್ನ ಅವರು ಕೋಣೆಯ ಬೀಗದ ಕೈ ಕೊಟ್ಟು ಇಳಿದು ಬಂದು, ಮೆಟ್ಟಿಲ ತಿರುವಿನಲ್ಲಿ ಒಬ್ಬರೇ ಕೂತರು. ಕೆಳಗಿಂದ ಹೆಜ್ಜೆ ಸಪ್ಪಳವಾಯಿತು. ಮೇಸ್ತ್ರಿ ಡಬ್ಬಿ ಹಿಡಿದು ಹತ್ತಿ ಬಂದ. ಪಕ್ಕದಲ್ಲಿ ಕೂರಲಿಲ್ಲ, ಎರಡು ಮೆಟ್ಟಿಲು ಕೆಳಗೆ ಕೂತ. ತನ್ನ ಡಬ್ಬಿ ತೆರೆದ. ಆಮೇಲೆ ಇವರು ಹಿಂದಿನ ದಿನದ, ರಬ್ಬರಿನಂತಾಗಿದ್ದ ಆ ಬಾಳೆಹಣ್ಣನ್ನು ತೆಗೆದು ಕೆಳಗೆ ಚಾಚಿದರು.

ಮೇಸ್ತ್ರಿ ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದ. ತಿರುಗಿಸಿ ಹಿಂಬದಿ ನೋಡಿದ. ಮೂಸಿದ.

‘ಇದ್ರಲ್ಲಿ ಏನೇನು ಹಾಕಿದೀರಾ?’

‘ಮೈದಾ, ಹಾಲು, ಸಕ್ಕರೆ. ಚಿಟಿಕೆ ಬೇಕಿಂಗ್ ಪೌಡರು.’

‘ಅಷ್ಟೇನಾ?’

‘ಅಷ್ಟೇ.’

ಮೇಸ್ತ್ರಿ ಅದನ್ನು ಎರಡು ತುಂಡು ಮಾಡಿ, ಒಂದನ್ನು ಮೇಲಕ್ಕೆ ಚಾಚಿದ. ‘ನೀವು ಮೊದ್ಲು ತಿನ್ನಿ ಸಾರ್.’

ಭೂತಗನ್ನಡಿಯವರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಅವರು ಅಗಿದು ನುಂಗುವವರೆಗೂ ಮೇಸ್ತ್ರಿ ಕಾದ.